ಅನಾಮಿಕ ಹಾಡುಗಳ ಪತ್ತೆ

ಕೇಳಲು ಸಿಗುವ ಹಾಡೊಂದರ ಹೆಸರು, ಅದನ್ನು ಹಾಡಿದವರು, ಬರೆದವರು, ಸಂಗೀತ ಕೂಡಿಸಿದವರು ಯಾರೆಂದು ತಿಳಿಯದಿದ್ದಾಗ ಆ ವಿವರಗಳನ್ನು ಕಂಡುಹಿಡಿಯಲು ಕೇಳುಗರು ಒಟ್ಟುಗೂಡಿ ನಡೆಸುವ ಹುಡುಕಾಟ. ಅಂತರಜಾಲ ಬಂದ ಮೇಲೆ ಇದು ಬೇರೆ ಬೇರೆ ದೇಶಗಳ ಅಪರಿಚಿತರು ಸೇರಿ ಮಾಡುವ ಕೆಲಸವಾಗಿ ಬೆಳೆದಿದೆ. ಇಂಥ ಹಾಡುಗಳಿಗೆ ‘ಲಾಸ್ಟ್‌ವೇವ್’ ಎಂಬ ಹೆಸರೂ ಬಿದ್ದಿದೆ. ಕನ್ನಡ ನಾಡಿನಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಹಾಡಿನ ಒಡೆಯರನ್ನು ಹುಡುಕುವ ಪರಿಪಾಠ ಅಂತರಜಾಲಕ್ಕಿಂತ ಬಹಳ ಹಿಂದಿನದು. ಧ್ವನಿ ಉಳಿದರೂ ಹೆಸರು ತಾನಾಗಿ ಉಳಿಯುವುದಿಲ್ಲ. ಯಾರಾದರೂ ಬರೆದಿಟ್ಟರೆ ಮಾತ್ರ ಅದು ಉಳಿಯುತ್ತದೆ.

ವ್ಯಾಪ್ತಿ

ಪತ್ತೆಗೆ ಬರುವ ಹಾಡುಗಳಲ್ಲಿ ಮೂರು ಬಗೆ. ಧ್ವನಿಮುದ್ರಿಕೆ ಇದೆ, ಮಾಡಿದವರು ಯಾರೆಂದು ಗೊತ್ತಿಲ್ಲ ಎನ್ನುವುದು ಒಂದು ಬಗೆ. ಹಾಡಿನ ಒಂದು ಸಾಲೋ ಮಟ್ಟೋ ನೆನಪಿನಲ್ಲಿದೆ, ಧ್ವನಿಮುದ್ರಿಕೆ ಸಿಗುತ್ತಿಲ್ಲ ಎನ್ನುವುದು ಎರಡನೆಯದು. ಹಾಡು ಇತ್ತೆಂದು ದಾಖಲೆ ಹೇಳುತ್ತದೆ, ಕೇಳಲು ಮಾತ್ರ ಏನೂ ಉಳಿದಿಲ್ಲ ಎನ್ನುವುದು ಮೂರನೆಯದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಮೂರನೆಯ ಬಗೆಗೆ ಉದಾಹರಣೆ. ಅದರ ಪ್ರತಿಯೇ ಉಳಿದಿಲ್ಲ. ಇಂದು ‘ಅನಾಮಿಕ ಹಾಡು’ ಎಂದಾಗ ಹೆಚ್ಚಾಗಿ ಮೊದಲ ಬಗೆಯದೇ ಮನಸ್ಸಿಗೆ ಬರುತ್ತದೆಯಾದರೂ ಕನ್ನಡ ಕೇಳುಗರ ಹುಡುಕಾಟದಲ್ಲಿ ಎರಡನೆಯ ಬಗೆಯದೇ ಹೆಚ್ಚು.

ಹಿನ್ನೆಲೆ: ಅಂಕಿತದಿಂದ ತಟ್ಟೆಯವರೆಗೆ

ಹಾಡಿನೊಳಗೇ ಹೆಸರನ್ನು ಹೆಣೆದಿಡುವ ಉಪಾಯ ಕನ್ನಡದಲ್ಲಿ ಬಹು ಹಿಂದೆಯೇ ರೂಢಿಯಲ್ಲಿತ್ತು. ವಚನಕಾರರ, ಹರಿದಾಸರ ಅಂಕಿತಗಳು ಇದಕ್ಕೆ ಸಾಕ್ಷಿ. ಪುರಂದರವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು, ಹಯವದನ ಎಂದರೆ ವಾದಿರಾಜರು, ವಿಜಯವಿಠಲ ಎಂದರೆ ವಿಜಯದಾಸರು. ಕೃತಿ ಬಾಯಿಂದ ಬಾಯಿಗೆ ಎಷ್ಟು ಊರು ದಾಟಿದರೂ ಕೊನೆಯ ಚರಣದಲ್ಲಿ ಕರ್ತೃವಿನ ಗುರುತು ಜೊತೆಗೇ ಸಾಗುತ್ತಿತ್ತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳ ಸಂಗ್ರಹವನ್ನು ಅಚ್ಚು ಹಾಕಿಸಿದಾಗ, ಹಾಡುವವರ ಬಾಯಲ್ಲೂ ಕೈಬರಹದಲ್ಲೂ ಇದ್ದ ಪದಗಳು ಪುಸ್ತಕಕ್ಕೆ ಬಂದವು. ಆದರೆ ಅಂಕಿತಕ್ಕೂ ಮಿತಿಯಿದೆ. ಹೆಸರಾದ ದಾಸರ ಅಂಕಿತ ಬೇರೆಯವರ ಪದಕ್ಕೆ ಸೇರಿಕೊಂಡಿರಬಹುದು. ಪದ ಉಳಿದು ಅದರ ಮೂಲ ಮಟ್ಟು ಮರೆತುಹೋಗಿರಬಹುದು. ಇಂದು ವೇದಿಕೆಯಲ್ಲಿ ಕೇಳುವ ಎಷ್ಟೋ ದೇವರನಾಮಗಳ ರಾಗ ಈಚಿನ ಸಂಗೀತಗಾರರು ಕೂಡಿಸಿದ್ದು.

ಯಂತ್ರದ ಮುದ್ರಣ ಬಂದಾಗಲೂ ಮೊದಲಿಗೆ ಇದೇ ಉಪಾಯ ಬಳಕೆಯಾಯಿತು. ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದ. ಹಾಡು ಮುಗಿಯುತ್ತಿದ್ದಂತೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಆಗ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ಗೊತ್ತಾಗಲಿ ಎಂಬುದು ಇದರ ಉದ್ದೇಶ. ಮುಂದೆ ಲೇಬಲ್ಲೂ ಕ್ರಮಸಂಖ್ಯೆಯೂ ಈ ಕೆಲಸವನ್ನು ವಹಿಸಿಕೊಂಡಾಗ ಹೆಸರು ಹೇಳುವ ರೂಢಿ ನಿಂತಿತು. ಅಲ್ಲಿಂದ ಹಾಡು ಒಂದು ಕಡೆ, ಹೆಸರು ಇನ್ನೊಂದು ಕಡೆ ಇರುವಂತಾಯಿತು. ಲೇಬಲ್ ಹರಿದರೆ, ಕ್ಯಾಸೆಟ್ ಅದರ ಡಬ್ಬಿಯಿಂದ ಬೇರೆಯಾದರೆ, ಹಾಡು ಅನಾಥವಾಗುವ ಸ್ಥಿತಿ ಒದಗಿತು.

ಕ್ಯಾಸೆಟ್ ಈ ಅಪಾಯವನ್ನು ಬಹುಪಟ್ಟು ಹೆಚ್ಚಿಸಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಕನ್ನಡದಲ್ಲಿ ಭಾವಗೀತೆಯ ಕ್ಯಾಸೆಟ್ಟುಗಳ ಕಾಲವನ್ನು ತೆರೆಯಿತು. ಅಂಥ ಕ್ಯಾಸೆಟ್ಟಿನಲ್ಲಿ ಕವಿ, ಗಾಯಕ, ಸಂಯೋಜಕರ ಹೆಸರು ಒಳಹಾಳೆಯಲ್ಲಿ ಇರುತ್ತಿತ್ತು. ಆದರೆ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ರೇಡಿಯೋದಿಂದ ಖಾಲಿ ಕ್ಯಾಸೆಟ್ಟಿಗೆ ಮನೆಯಲ್ಲೇ ತುಂಬಿಸಿಕೊಂಡ ಪ್ರತಿಗಳಲ್ಲಿ ಹಾಡು ಮಾತ್ರ ಬಂತು, ಒಳಹಾಳೆ ಬರಲಿಲ್ಲ.

ಅಂತರಜಾಲದ ಕಾಲ

1990ರ ದಶಕದಲ್ಲಿ, ಅಂತರಜಾಲ ಇನ್ನೂ ಬರೀ ಅಕ್ಷರಗಳದಾಗಿದ್ದಾಗಲೇ, ವಿದೇಶಗಳಲ್ಲಿದ್ದ ಭಾರತೀಯರು ಹಳೆಯ ಹಿಂದಿ ಚಿತ್ರಗೀತೆಗಳ ಸಾಹಿತ್ಯವನ್ನು ನೆನಪಿನಿಂದ ಬರೆದು, ಗಾಯಕರ ಹೆಸರಿನ ಬಗ್ಗೆ ವಾದ ಮಾಡಿ, ಒಟ್ಟಾಗಿ ಹಾಡಿನ ಕೋಶ ಕಟ್ಟಿದರು. ಅವರ ಬೆನ್ನಿಗೆ ಒಂದು ಅಚ್ಚಿನ ಕೃತಿಯೂ ಇತ್ತು. ಕಾನ್ಪುರದ ಹರ್ ಮಂದಿರ್ ಸಿಂಗ್ ‘ಹಮ್‌ರಾಜ್’ 1980ರಿಂದ ಸಂಪುಟಗಳಾಗಿ ಹೊರತಂದ ‘ಹಿಂದಿ ಫಿಲ್ಮ್ ಗೀತ್ ಕೋಶ್’ ದಶಕ ದಶಕವಾಗಿ ಚಿತ್ರ, ಹಾಡು, ತಟ್ಟೆ ಸಂಖ್ಯೆಗಳನ್ನು ಪಟ್ಟಿ ಮಾಡಿತ್ತು. ಪಟ್ಟಿ ಇದ್ದ ಕಡೆ ಪತ್ತೆ ಸುಲಭವಾಯಿತು.

ಪಟ್ಟಿಯೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಕಂಡ ದೊಡ್ಡ ಉದಾಹರಣೆ ಜರ್ಮನಿಯದು. 1984ರ ಆಸುಪಾಸಿನಲ್ಲಿ ಎನ್‌ಡಿಆರ್ ಎಂಬ ಉತ್ತರ ಜರ್ಮನಿಯ ಬಾನುಲಿಯಿಂದ ಒಬ್ಬ ಯುವಕ ಕ್ಯಾಸೆಟ್ಟಿಗೆ ತುಂಬಿಸಿಕೊಂಡ ಹಾಡೊಂದರ ಹೆಸರನ್ನು ಬರೆದಿಟ್ಟಿರಲಿಲ್ಲ. 2007ರಲ್ಲಿ ಅವನ ಸೋದರಿ ಅದರ ತುಣುಕನ್ನು ಅಂತರಜಾಲದಲ್ಲಿ ಹಾಕಿ ಕೇಳಿದಳು. 2019ರಿಂದ ಸಾವಿರಾರು ಮಂದಿ ಕೈಜೋಡಿಸಿದರು. ಹಿನ್ನೆಲೆಯ ವಾದ್ಯ 1983ರಲ್ಲಿ ಮಾರುಕಟ್ಟೆಗೆ ಬಂದ ಯಮಾಹಾ ಡಿಎಕ್ಸ್7 ಇರಬಹುದೆಂದು ಊಹಿಸಿ ಕಾಲವನ್ನು ಅಂದಾಜು ಮಾಡಿದರು, ಬಾನುಲಿಯ ಹಳೆಯ ನಿರೂಪಕರನ್ನು ಕೇಳಿದರು. 2024ರ ನವೆಂಬರಿನಲ್ಲಿ ಉತ್ತರ ಸಿಕ್ಕಿತು: ಕೀಲ್ ನಗರದ ‘ಫೆಕ್ಸ್’ ಎಂಬ ತಂಡದ ‘ಸಬ್‌ವೇಸ್ ಆಫ್ ಯುವರ್ ಮೈಂಡ್’. ಸುಳಿವು ಕೊಟ್ಟದ್ದು ಯಂತ್ರವಲ್ಲ. ಹಳೆಯ ಪತ್ರಿಕೆಗಳಲ್ಲಿ ಅಂದಿನ ಸ್ಥಳೀಯ ತಂಡಗಳ ಸುದ್ದಿಯನ್ನು ಜಾಲಾಡಿದ ಒಬ್ಬ ಹುಡುಕಾಟಗಾರ. ತಮ್ಮ ಹಾಡನ್ನು ಜಗತ್ತು ಹುಡುಕುತ್ತಿದೆ ಎಂಬುದೇ ತಂಡದವರಿಗೆ ಗೊತ್ತಿರಲಿಲ್ಲ.

ಅದೇ ವರ್ಷದ ಏಪ್ರಿಲಿನಲ್ಲಿ ಇನ್ನೊಂದು ಒಗಟು ಬಗೆಹರಿದಿತ್ತು. 2021ರಲ್ಲಿ ಯಾರೋ ಹಾಕಿದ್ದ 17 ಸೆಕೆಂಡುಗಳ ತುಣುಕೊಂದು, ಕ್ರಿಸ್ಟೋಫರ್ ಸೇಂಟ್ ಬೂತ್ ಮತ್ತು ಫಿಲಿಪ್ ಏಡ್ರಿಯನ್ ಬೂತ್ ಸೋದರರ ‘ಅಲ್ಟೀರಿಯರ್ ಮೋಟಿವ್ಸ್’ ಹಾಡಿನದೆಂದು ತಿಳಿಯಿತು. ಅದು ಬಳಕೆಯಾದದ್ದು 1986ರ ಒಂದು ವಯಸ್ಕರ ಚಿತ್ರದಲ್ಲಿ. ಹಾಡನ್ನು ತಟ್ಟೆಯಾಗಿ ಮಾರಿರಲಿಲ್ಲ. ಆದ್ದರಿಂದಲೇ ಯಾವ ಸಂಗೀತ ಪಟ್ಟಿಯಲ್ಲೂ ಅದು ಇರಲಿಲ್ಲ.

ಭಾರತದಲ್ಲಿ ಎಲ್ಲರೂ ಕೇಳಿದ, ಕರ್ತೃವನ್ನು ಕೆಲವರೇ ಬಲ್ಲ ರಚನೆಗೆ ಆಕಾಶವಾಣಿಯ ಮುಂಜಾನೆಯ ಸಂಕೇತ ಸಂಗೀತವನ್ನು ಹೆಸರಿಸಬೇಕು. ಅದನ್ನು ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದ ಯೆಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ರಚಿಸಿದರೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಕೋಟ್ಯಂತರ ಮನೆಗಳಲ್ಲಿ ದಿನ ತೆರೆದ ಆ ಸಂಗೀತದ ಜೊತೆ ಅವರ ಹೆಸರು ಪ್ರಸಾರವಾಗುತ್ತಿರಲಿಲ್ಲ.

ಫಳ್ನೀರ್ ಮತ್ತು ಮಂಗಳೂರಿನ ನೆಲೆ

ಹಂಪನಕಟ್ಟೆಗೂ ಕಂಕನಾಡಿಗೂ ಹತ್ತಿರವಿರುವ ಫಳ್ನೀರ್ ಮಂಗಳೂರಿನ ಹಳೆಯ ವಸತಿ ಪ್ರದೇಶಗಳಲ್ಲಿ ಒಂದು. ಇಲ್ಲಿ ಕೊಂಕಣಿ, ತುಳು, ಬ್ಯಾರಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಅನಾಮಿಕ ಹಾಡಿನ ಸಮಸ್ಯೆ ಇಂಥ ಕಡೆ ಏಕೆ ಬೇರೆ ರೂಪ ತಾಳುತ್ತದೆಂದು ತಿಳಿಯಲು ಇಂಥ ಮನೆಗಳಲ್ಲಿ ಉಳಿದಿರುವ ಹಳೆಯ ಕ್ಯಾಸೆಟ್ಟುಗಳ ಸ್ವರೂಪವನ್ನು ಗಮನಿಸಿದರೆ ಸಾಕು. ಒಂದೇ ಕ್ಯಾಸೆಟ್ಟಿನಲ್ಲಿ ರೇಡಿಯೋದಿಂದ ತುಂಬಿಸಿದ ಕನ್ನಡ ಚಿತ್ರಗೀತೆ, ಅದರ ಬಾಲಕ್ಕೆ ಮದುವೆಯ ಮುನ್ನ ಮನೆಯಲ್ಲಿ ನಡೆದ ರೋಸ್ ಸಮಾರಂಭದಲ್ಲಿ ಹೆಂಗಸರು ಹಾಡಿದ ಕೊಂಕಣಿ ವೊವಿಯೊ, ನಡುವೆ ತುಳು ನಾಟಕದ ಪದ, ಕೊನೆಗೆ ಇಗರ್ಜಿಯ ಗಾಯನವೃಂದದ ಗೀತೆ ಬರುವುದುಂಟು. ಮೇಲಿನ ಚೀಟಿಯಲ್ಲಿ ‘ಪದಗಳು’ ಎಂದಷ್ಟೇ ಇದ್ದರೆ, ನಾಲ್ಕಕ್ಕೂ ನಾಲ್ಕು ಬಗೆಯ ಜಾಣರನ್ನು ಹುಡುಕಿಕೊಂಡು ಹೋಗಬೇಕು.

ಚಿತ್ರಗೀತೆಗೆ ದಾರಿಗಳಿವೆ. ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಪದ್ಯಾವಳಿಗಳಲ್ಲಿ ಕಥಾಸಾರ, ಹಾಡುಗಳ ಸಾಹಿತ್ಯ, ಕಲಾವಿದರ ಹೆಸರು ಇರುತ್ತಿದ್ದವು. ಚಿತ್ರದ ಪ್ರತಿ ನಾಶವಾದರೂ ಆ ಪುಸ್ತಿಕೆ ಉಳಿದಿದ್ದರೆ ಹಾಡಿನ ಗುರುತು ಉಳಿದಂತೆ. 1971ರ ‘ಎನ್ನ ತಂಗಡಿ’ಯಿಂದ ಶುರುವಾದ ತುಳು ಚಿತ್ರಗಳ ವಿಷಯದಲ್ಲೂ ಅಂಥ ಕಾಗದಪತ್ರಗಳೇ ಆಧಾರ. ‘ಕೊಂಕಣ್ ಕೋಗುಳ್’ ಎಂದು ಹೆಸರಾದ ವಿಲ್ಫಿ ರೆಬಿಂಬಸ್ (1942–2010) ಅವರಂಥ ಕೊಂಕಣಿ ಗಾಯಕ-ಸಂಯೋಜಕರ ಹಾಡುಗಳನ್ನು ಕ್ಯಾಸೆಟ್ಟಿನ ಕವಚವಿಲ್ಲದೆಯೂ ಧ್ವನಿಯಿಂದಲೇ ಗುರುತಿಸುವ ಕೇಳುಗರು ಊರಲ್ಲಿ ಬೇಕಾದಷ್ಟಿದ್ದಾರೆ. ಶಕ್ತಿನಗರದಲ್ಲಿ ‘ಕಲಾಂಗಣ್’ ನಡೆಸುವ, 1986ರಲ್ಲಿ ಹುಟ್ಟಿದ ‘ಮಾಂಡ್ ಸೊಭಾಣ್’ ಸಂಸ್ಥೆ 2008ರ ಜನವರಿಯಲ್ಲಿ 40 ಗಂಟೆ ನಿರಂತರವಾಗಿ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದಾಗ, ಈ ಭಾಷೆಯ ಹಾಡಿನ ಸಂಪತ್ತು ಎಷ್ಟು ದೊಡ್ಡದೆಂಬುದು ಹೊರಗಿನವರಿಗೂ ಕಾಣಿಸಿತು.

ವೊವಿಯೊಗಳ ದಾರಿ ಹೀಗಿಲ್ಲ. ಅವು ಒಬ್ಬರು ಬರೆದವಲ್ಲ. ಮದುವೆ ಮನೆಯಲ್ಲಿ ಹಿರಿಯ ಹೆಂಗಸರು ಹೇಳಿಕೊಡುತ್ತ, ಸಂದರ್ಭಕ್ಕೆ ತಕ್ಕಂತೆ ಸಾಲು ಸೇರಿಸುತ್ತ ಬಂದವು. ಇಲ್ಲಿ ‘ಯಾರು ಬರೆದರು’ ಎಂಬ ಪ್ರಶ್ನೆಗಿಂತ ‘ಯಾವ ಊರಿನ ಪಾಠ, ಯಾರು ಹೇಳುತ್ತಿದ್ದರು, ಯಾವ ಶಾಸ್ತ್ರಕ್ಕೆ’ ಎಂಬ ಪ್ರಶ್ನೆಗಳೇ ಸರಿಯಾದವು.

ಮಂಗಳೂರು ಆಕಾಶವಾಣಿ 1976ರ ಡಿಸೆಂಬರ್ 11ರಂದು ಆರಂಭವಾಯಿತು. ಕದ್ರಿಯಲ್ಲಿ ಸ್ಟುಡಿಯೋ, ಬ್ರಹ್ಮಾವರದಲ್ಲಿ 1089 ಕಿಲೋಹರ್ಟ್ಸ್‌ನ ಪ್ರಸಾರ ಗೋಪುರ. ಕನ್ನಡ, ತುಳು, ಕೊಂಕಣಿ ಮೂರೂ ಅದರಿಂದ ಮನೆಮನೆಗೆ ಬಂದವು. ರೇಡಿಯೋದಿಂದ ತುಂಬಿಸಿದ ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ಮುಂದೆ ನಿರೂಪಕರ ಅರ್ಧ ವಾಕ್ಯ ಉಳಿದಿದ್ದರೆ, ಕೋರಿಕೆ ಕಳುಹಿಸಿದ ಊರುಗಳ ಹೆಸರು ಕೇಳಿಸಿದರೆ, ಹಾಡಿಗಿಂತ ಆ ಚೂರೇ ಹೆಚ್ಚು ಬೆಲೆಯುಳ್ಳದ್ದು. ‘ಹಾಡು ಮಾತ್ರ ಬೇಕು’ ಎಂದು ಆ ಮಾತುಗಳನ್ನು ಕತ್ತರಿಸಿ ಹಾಕುವುದು ಸುಳಿವನ್ನೇ ಕತ್ತರಿಸಿದಂತೆ.

ಪತ್ತೆಯ ವಿಧಾನ

ಮೊದಲ ಹೆಜ್ಜೆ ಸಾಹಿತ್ಯ. ಕೇಳಿಸಿದಷ್ಟು ಸಾಲುಗಳನ್ನು ಬರೆದುಕೊಂಡು ಹುಡುಕುವುದು. ಕರಾವಳಿಯ ಭಾಷೆಗಳಲ್ಲಿ ಇದೂ ಸರಳವಲ್ಲ. ಕೊಂಕಣಿಯನ್ನು ಕನ್ನಡ, ರೋಮನ್, ದೇವನಾಗರಿ ಮೂರು ಲಿಪಿಗಳಲ್ಲೂ ಬರೆಯುತ್ತಾರೆ. ತುಳುವಿನ ವಿಶಿಷ್ಟ ಸ್ವರಗಳನ್ನು ಕನ್ನಡ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಒಂದೇ ಸಾಲನ್ನು ನಾಲ್ಕಾರು ರೀತಿ ಬರೆದು ಹುಡುಕದೆ ಫಲವಿಲ್ಲ.

ಎರಡನೆಯದು ವೇಗ ಸರಿಪಡಿಸುವುದು. ಹಳೆಯ ಟೇಪ್ ವೇಗವಾಗಿ ಓಡಿದರೆ ಶ್ರುತಿ ಏರಿ ಗಾಯಕರ ಧ್ವನಿಯೇ ಬೇರೆಯಾಗಿ ಕೇಳಿಸುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಹಲವು ಧ್ವನಿಮುದ್ರಿಕೆಗಳಲ್ಲಿ ಅದರ ಗುಂಯ್ ಸದ್ದು ಸಣ್ಣಗೆ ಸೇರಿಕೊಂಡಿರುತ್ತದೆ. ಅದು 53 ಹರ್ಟ್ಸ್ ಹತ್ತಿರ ಕಂಡುಬಂದರೆ ಟೇಪು ಸುಮಾರು ಶೇಕಡಾ 6ರಷ್ಟು ವೇಗವಾಗಿದೆ, ಶ್ರುತಿ ಅರ್ಧ ಮನೆ ಮೇಲೇರಿದೆ ಎಂದರ್ಥ. ಅಷ್ಟು ಇಳಿಸಿದ ಮೇಲೆ ಅಪರಿಚಿತವಾಗಿದ್ದ ಗಾಯಕಿ ಚಿರಪರಿಚಿತಳಾಗಿಬಿಡುವುದುಂಟು.

ಮೂರನೆಯದು ಮಾಧ್ಯಮದ ಗುರುತು. 78 ಸುತ್ತಿನ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಹಾಡು ಆ ಅಳತೆಯಲ್ಲಿ ಮುಗಿದರೆ ಅದೊಂದು ಸೂಚನೆ. ತಟ್ಟೆಯೇ ಕೈಯಲ್ಲಿದ್ದು ಲೇಬಲ್ ಮಾಸಿಹೋಗಿದ್ದರೆ, ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗೀರುಗಳು ಮುಗಿಯುವ ಒಳ ಅಂಚಿನ ನುಣುಪು ಜಾಗವನ್ನು ನೋಡಬೇಕು. ಅಲ್ಲಿ ಕೊರೆದ ಅಥವಾ ಒತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ ಇರುತ್ತದೆ. ಕಂಪನಿಯ ಪಟ್ಟಿಯಲ್ಲಿ ಆ ಸಂಖ್ಯೆ ಸಿಕ್ಕರೆ ಗಾಯಕರ ಹೆಸರೂ ಮುದ್ರಣದ ಕಾಲವೂ ಗೊತ್ತಾಗುತ್ತವೆ. ಭಾರತದ ಮೊದಲ ಧ್ವನಿಮುದ್ರಿಕೆಗಳನ್ನು ಮೈಕೆಲ್ ಕಿನ್ನಿಯರ್ ಹೀಗೆ ಸಂಖ್ಯೆ ಸಂಖ್ಯೆಯಾಗಿ ಪಟ್ಟಿ ಮಾಡಿ 1994ರಲ್ಲಿ ಪ್ರಕಟಿಸಿದ್ದಾರೆ.

ನಾಲ್ಕನೆಯದು ಜನ. ಹಾರ್ಮೋನಿಯಂ ನುಡಿಸಿದವರು, ವಾದ್ಯವೃಂದದಲ್ಲಿದ್ದವರು, ಹಾಡು ಬರೆದವರ ಮನೆಯವರು, ಆಕಾಶವಾಣಿಯ ನಿವೃತ್ತ ಸಿಬ್ಬಂದಿ. ಬಹುತೇಕ ಹಾಡುಗಳು ಕೊನೆಗೆ ಬಗೆಹರಿಯುವುದು ಇಲ್ಲಿಯೇ. ಐದನೆಯದು ಖಾತರಿ. ‘ಇದೇ ಇರಬೇಕು’ ಎಂಬುದು ಉತ್ತರವಲ್ಲ. ಪೂರ್ಣ ಹಾಡು, ಮೂಲ ತಟ್ಟೆ, ಪದ್ಯಾವಳಿ ಅಥವಾ ಕಲಾವಿದರ ಬಳಿಯ ಬೇರೊಂದು ಪ್ರತಿ, ಇವುಗಳಲ್ಲಿ ಒಂದರೊಂದಿಗಾದರೂ ತಾಳೆಯಾಗಬೇಕು.

ಯಂತ್ರದ ಬಲ ಮತ್ತು ಮಿತಿ

2002ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ಶಜಾಮ್’ ಸೇವೆಯಲ್ಲಿ 2580 ಸಂಖ್ಯೆಗೆ ಕರೆ ಮಾಡಿ ಫೋನನ್ನು ಹಾಡಿನತ್ತ ಹಿಡಿದರೆ ಹಾಡಿನ ಹೆಸರು ಸಂದೇಶವಾಗಿ ಬರುತ್ತಿತ್ತು. ಧ್ವನಿಯಲ್ಲಿ ಎದ್ದು ಕಾಣುವ ಆವರ್ತನದ ಬಿಂದುಗಳನ್ನು ಆರಿಸಿ, ಜೋಡಿ ಜೋಡಿಯಾಗಿ ಗುರುತು ಮಾಡಿ, ಸಂಗ್ರಹದಲ್ಲಿರುವ ಹಾಡುಗಳ ಗುರುತಿನೊಂದಿಗೆ ಹೋಲಿಸುವುದು ಅದರ ವಿಧಾನ. ಗದ್ದಲದ ಹೋಟೆಲಿನಲ್ಲೂ ಅದು ಕೆಲಸ ಮಾಡುತ್ತದೆ. ಆದರೆ ಅದೇ ಧ್ವನಿಮುದ್ರಿಕೆ ಸಂಗ್ರಹದಲ್ಲಿ ಇಲ್ಲದಿದ್ದರೆ ಅದಕ್ಕೆ ಏನೂ ಗೊತ್ತಾಗದು. 2020ರಲ್ಲಿ ಗೂಗಲ್ ತಂದ, ಗುನುಗಿದರೆ ಹಾಡು ಹುಡುಕುವ ಸೌಲಭ್ಯ ಮಟ್ಟಿನ ಏರಿಳಿತವನ್ನು ಹೋಲಿಸುತ್ತದೆ.

ಕರಾವಳಿಯ ಹಾಡುಗಳಿಗೆ ಈ ಎರಡನೆಯ ವಿಧಾನ ದಾರಿ ತಪ್ಪಿಸಬಹುದು. ಹಿಂದಿ ಚಿತ್ರಗೀತೆಯ ಮಟ್ಟಿಗೆ ತುಳು ನಾಟಕದ ಪದವನ್ನೋ ಕೊಂಕಣಿ ಗೀತೆಯನ್ನೋ ಕೂಡಿಸುವುದು ಇಲ್ಲಿ ಹಳೆಯ ರೂಢಿ. ಡಬ್ಬಿಂಗ್ ಚಿತ್ರಗಳಲ್ಲಿ ಒಂದೇ ಮಟ್ಟು ತೆಲುಗು, ತಮಿಳು, ಕನ್ನಡ ಮೂರರಲ್ಲೂ ಇರುತ್ತದೆ. ಯಂತ್ರ ಮೂಲ ಮಟ್ಟನ್ನು ಸರಿಯಾಗಿಯೇ ಹೇಳುತ್ತದೆ, ಹುಡುಕುತ್ತಿದ್ದ ಹಾಡು ಮಾತ್ರ ಸಿಕ್ಕಿರುವುದಿಲ್ಲ.

ಕರ್ತೃತ್ವದ ವಿವಾದಗಳು

ಹೆಸರು ಹುಡುಕುವ ಕೆಲಸ ಎಷ್ಟು ಎಚ್ಚರ ಬೇಡುತ್ತದೆಂಬುದಕ್ಕೆ ಯಕ್ಷಗಾನದ ರಾಮಾಯಣ ಪ್ರಸಂಗಗಳ ಚರ್ಚೆ ದೊಡ್ಡ ಪಾಠ. ಇವು ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನ ರಚನೆಗಳೆಂದು ತೆಂಕುತಿಟ್ಟಿನ ಪರಂಪರೆ ನಂಬಿದೆ. ಶಿವರಾಮ ಕಾರಂತರು ಅದನ್ನು ಪ್ರಶ್ನಿಸಿ ಬ್ರಹ್ಮಾವರದ ಕಡೆಗೆ, ಅಜಪುರದ ಕವಿಯತ್ತ ಬೆರಳು ತೋರಿದರು. ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರಂಥ ವಿದ್ವಾಂಸರು ಪಾರ್ತಿಸುಬ್ಬನ ಪರವಾಗಿ ಹಸ್ತಪ್ರತಿ, ಸ್ತುತಿಪದ್ಯ, ಭಾಷೆಯ ಆಧಾರಗಳನ್ನು ಮುಂದಿಟ್ಟರು. ಎರಡೂ ಕಡೆಯವರು ಊಹೆಗೆ ನಿಲ್ಲದೆ ಓಲೆಗರಿಗಳ ಬಳಿಗೆ ಹೋದದ್ದರಿಂದ ಪ್ರಸಂಗ ಸಾಹಿತ್ಯದ ಚರಿತ್ರೆಯೇ ಸ್ಪಷ್ಟವಾಯಿತು. ಮಂಗಳೂರಿನ ಕೊಂಕಣಿ ಕ್ರೈಸ್ತರು ತಪಸ್ಸುಕಾಲದಲ್ಲಿ ಹಾಡುವ, ಯೇಸುವಿನ ಯಾತನೆಯ ಹಳೆಯ ಗೀತೆಯೊಂದನ್ನು ಟಿಪ್ಪುವಿನ ಕಾಲದಲ್ಲಿ ಫರಂಗಿಪೇಟೆಯಲ್ಲಿದ್ದ ಪಾದ್ರಿ ಜೋಕಿಂ ಮಿರಾಂದ ಬರೆದರೆಂಬ ನಂಬಿಕೆಯೂ ಹೀಗೆ ಹಾಡಿನ ಜೊತೆಗೇ ತಲೆಮಾರುಗಳಿಂದ ಬಂದಿದೆ.

ಜನಪದ ಧ್ವನಿಮುದ್ರಿಕೆಗಳ ಮರುಗುರುತು

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳ ಹಾಡು ಕುಣಿತಗಳನ್ನು ಮುದ್ರಿಸಿ, ಚಿತ್ರೀಕರಿಸಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಿಕೆಗಳನ್ನು ಹೊತ್ತು ಅದೇ ಊರುಗಳಿಗೆ ಮರಳಿ, ಅಲ್ಲಿನ ಜನರಿಗೇ ಕೇಳಿಸಿ, ಹಾಡಿದವರು ಯಾರು, ಹಾಡು ಈಗ ಏನಾಗಿದೆ ಎಂದು ವಿಚಾರಿಸಿದರು. ಹಾಡನ್ನು ಅದರ ಊರಿಗೇ ಒಯ್ದು ಕೇಳುವ ಈ ಕ್ರಮ ಇಂದಿಗೂ ಅನುಕರಣೀಯ.

ಹೆಸರು ಕಳೆಯದಂತೆ ಮೊದಲೇ ಎಚ್ಚರ ವಹಿಸಿದ್ದಕ್ಕೂ ತುಳುನಾಡಿನಲ್ಲೇ ಮಾದರಿ ಇದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದ ಸಹಯೋಗದಲ್ಲಿ ಫಿನ್‌ಲೆಂಡಿನ ಲೌರಿ ಹಾಂಕೊ ಮತ್ತು ಸಂಗಡಿಗರು 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಮುದ್ರಿಸಿಕೊಂಡರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾದಾಗ ಗೋಪಾಲ ನಾಯ್ಕರ ಹೆಸರು ಗ್ರಂಥದ ಶೀರ್ಷಿಕೆಯಲ್ಲೇ ಇತ್ತು. ‘ಜನಪದ’ ಎಂಬ ಒಂದೇ ಪದದೊಳಗೆ ಹಾಡಿದವರ ಹೆಸರನ್ನು ಕರಗಿಸಿಬಿಡುವ ಅಭ್ಯಾಸಕ್ಕೆ ಇದು ಒಳ್ಳೆಯ ಉತ್ತರ.

ಹಕ್ಕು ಮತ್ತು ನಡವಳಿಕೆ

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ. ಒಡೆಯರು ಗೊತ್ತಿಲ್ಲವೆಂಬ ಮಾತ್ರಕ್ಕೆ ಹಾಡು ಯಾರ ಸ್ವತ್ತೂ ಅಲ್ಲ ಎಂದಾಗದು. ಪತ್ತೆಯಾದ ದಿನ ಕಲಾವಿದರಿಗೆ ಸಲ್ಲಬೇಕಾದ ಹೆಸರು, ಸಂಭಾವನೆ ಎರಡೂ ಸಲ್ಲಬೇಕು. ಹುಡುಕುವ ಉತ್ಸಾಹದಲ್ಲಿ ಸಂಬಂಧವಿಲ್ಲದವರ ಮನೆಗೆ ಕರೆಗಳ ಮೇಲೆ ಕರೆ ಮಾಡುವುದು, ಕುಟುಂಬದ ಖಾಸಗಿ ಸಮಾರಂಭದ ಧ್ವನಿಯನ್ನು ಕೇಳದೆ ಹಂಚುವುದು ತಪ್ಪು. ಭೂತಾರಾಧನೆಯ ಪಾಡ್ದನ, ಸಂಧಿಗಳಂಥ ಹಾಡುಗಳನ್ನು ಅವುಗಳ ಸನ್ನಿವೇಶದಿಂದ ಬಿಡಿಸಿ ಬಯಲಿಗಿಡುವ ಮೊದಲು ಆ ಸಮುದಾಯದ ಒಪ್ಪಿಗೆ ಅಗತ್ಯ.

ಮುಂದಿನ ಕೆಲಸ

ಕ್ಯಾಸೆಟ್ಟುಗಳ ಕಾಲದಲ್ಲಿ ಹಾಡಿದವರು, ನುಡಿಸಿದವರು, ತುಂಬಿಸಿಕೊಂಡವರು ಈಗ ಮುಪ್ಪಿನಲ್ಲಿದ್ದಾರೆ. ಕರಾವಳಿಯ ತೇವದ ಹವೆಯಲ್ಲಿ ಟೇಪಿಗೆ ಬೂಸಲು ಹಿಡಿಯುತ್ತದೆ. ಟೇಪನ್ನು ಗಣಕಕ್ಕೆ ಏರಿಸಿದರೆ ಧ್ವನಿ ಉಳಿಯುತ್ತದೆ; ಏರಿಸುವಾಗಲೇ ಯಾರು, ಎಲ್ಲಿ, ಯಾವಾಗ, ಯಾವ ಭಾಷೆ, ಯಾವ ಸಂದರ್ಭ ಎಂಬ ಐದು ವಿವರಗಳನ್ನು ಬರೆದರೆ ಹೆಸರೂ ಉಳಿಯುತ್ತದೆ. ತುಳು ಮತ್ತು ಕೊಂಕಣಿ ಕ್ಯಾಸೆಟ್ಟುಗಳಿಗೆ, ನಾಟಕದ ಪದಗಳಿಗೆ, ಇಗರ್ಜಿ ಗೀತೆಗಳಿಗೆ ಹಿಂದಿ ಗೀತ ಕೋಶದ ಮಾದರಿಯಲ್ಲಿ ಸಂಪುಟಗಳಾಗಬೇಕು. ಸಾಹಿತ್ಯ ಅಕಾಡೆಮಿಗಳು, ವಿಶ್ವವಿದ್ಯಾಲಯದ ವಿಭಾಗಗಳು, ಇಗರ್ಜಿ ಮತ್ತು ನಾಟಕ ತಂಡಗಳು ಸೇರಿದರೆ ಇದು ಆಗುವ ಕೆಲಸ. ಜರ್ಮನಿಯ ಒಂದು ಹಾಡಿಗೆ ಹೆಸರು ಮರಳಿ ಸಿಗಲು ಮೊದಲ ಪ್ರಶ್ನೆಯಿಂದ 17 ವರ್ಷ ಹಿಡಿಯಿತು, ಅದೂ ಹಾಡಿದವರು ಬದುಕಿದ್ದರಿಂದ. ಮಂಗಳೂರಿನ ಹಾಡುಗಳಿಗೆ ಉತ್ತರ ಬಲ್ಲವರು ಇಂದು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಈಗಲೇ ಕೇಳಿ ಬರೆದುಕೊಳ್ಳಬೇಕು.